ಪ್ಯಾರಾಫಿನ್ ಬ್ಲಾಕ್‌ನಲ್ಲಿ ನೀಲಿ ಬಣ್ಣ ಏಕೆ ಬರುವುದಿಲ್ಲ?

ಮುದಿ ಇಲಿಯ ಮೂತ್ರಪಿಂಡದ ಪ್ಯಾರಾಫಿನ್ ಸೆಕ್ಷನ್‌ಗಳಿಗೆ (ಮೇಣದ ಬ್ಲಾಕ್‌ನಲ್ಲಿ ಹುದುಗಿಸಿ ಕತ್ತರಿಸಿದ ತೆಳು ಪದರಗಳಿಗೆ) ಮೂರು ಸಲ ಬೀಟಾ-ಗ್ಯಾಲ್ ಬಣ್ಣ ಹಾಕಿದರೂ ಒಂದು ಚುಕ್ಕೆ ನೀಲಿ ಕಾಣಲಿಲ್ಲ, ಮುಪ್ಪಾದ ಜೀವಕೋಶಗಳೇ, ಅಂದರೆ ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿದವು, ಇಲ್ಲವೇ ಎಂದು ಕೇಳಿದ್ದೀರಿ. ಇರಬಹುದು, ಇಲ್ಲದಿರಬಹುದು, ಆ ಸ್ಲೈಡ್ ಅದನ್ನು ಹೇಳಲಾರದು. ನೀಲಿ ಮೂಡಬೇಕಾದರೆ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವ ಇನ್ನೂ ಕೆಲಸ ಮಾಡುತ್ತಿರಬೇಕು. ಆಲ್ಕೊಹಾಲ್, ಕ್ಸೈಲೀನ್, ಬಿಸಿ ಮೇಣ ದಾಟುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ. ನಾಲ್ಕನೆಯ ಸಲಕ್ಕೆ ಕೈ ಹಾಕಬೇಡಿ.

ಹೊಸ ಅಂಗಾಂಶ ಸಿಗುವುದಾದರೆ ಹೆಪ್ಪುಗಟ್ಟಿಸಿ, ಕ್ರಯೋಸ್ಟ್ಯಾಟ್ ಎಂಬ ತಣ್ಣನೆಯ ಕತ್ತರಿಸುವ ಯಂತ್ರದಲ್ಲಿ ಕತ್ತರಿಸಿ, ತಡಮಾಡದೆ ಬಣ್ಣ ಹಾಕಿ. ಫಿಕ್ಸ್ ಮಾಡಲು (ಅಂಗಾಂಶ ಕೆಡದಂತೆ ರಾಸಾಯನಿಕದಲ್ಲಿಡಲು) ಕೆಲವೇ ನಿಮಿಷ ಸಾಕು. ಉಳಿದದ್ದೆಲ್ಲ ಪಿಎಚ್ ಕೈಯಲ್ಲಿದೆ. ಈ ಕಿಣ್ವ ಎಳೆಯ ಕೋಶಗಳ ಲೈಸೊಸೋಮ್‌ಗಳಲ್ಲೂ (ಕೋಶದೊಳಗಿನ ಕಸ ಅರಗಿಸುವ ಚೀಲಗಳಲ್ಲೂ) ಇದೆ. ಪಿಎಚ್ 4ರ ಆಸುಪಾಸಿನಲ್ಲಿ ಎಲ್ಲೆಡೆಯೂ ಚುರುಕು. ಮುಪ್ಪಾದ ಕೋಶದಲ್ಲಿ ಅದು ಎಷ್ಟು ತುಂಬಿರುತ್ತದೆಂದರೆ, ಅದಕ್ಕೆ ಒಗ್ಗದ ಪಿಎಚ್ 6ರಲ್ಲೂ ಬಣ್ಣ ಕಾಣುತ್ತದೆ. ಕೋಶಗಳ ಮುಪ್ಪನ್ನು ಅಧ್ಯಯನ ಮಾಡಿದ ವಿಜ್ಞಾನಿ ಜುಡಿತ್ ಕ್ಯಾಂಪಿಸಿ ಅವರ ತಂಡ 1995ರಲ್ಲಿ ಪ್ರಕಟಿಸಿದ ಪರೀಕ್ಷೆ ಇದೇ.

ಮೊದಲ ವರ್ಷ ನಾನು ಪ್ಲೇಟನ್ನು ಕೋಶ ಬೆಳೆಸುವ ಇನ್‌ಕ್ಯುಬೇಟರ್‌ನಲ್ಲೇ ರಾತ್ರಿಯಿಡೀ ಇಟ್ಟಿದ್ದೆ. ಅಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿ ಬಫರ್ ಆಮ್ಲೀಯವಾಯಿತು. ಬೆಳಿಗ್ಗೆ ನೋಡಿದರೆ ಎಳೆಯ ಕೋಶಗಳೂ ನೀಲಿ! ಎರಡು ದಿನ ಏನನ್ನೋ ಕಂಡುಹಿಡಿದೆನೆಂದು ಹಿಗ್ಗಿದ್ದೆ. ಆ ಅನಿಲವಿಲ್ಲದ 37 ಡಿಗ್ರಿಯ ಸಾಧಾರಣ ಓವನ್ ಬಳಸಿ, ಸ್ಲೈಡ್ ಒಣಗದಂತೆ ಡಬ್ಬಿಯಲ್ಲಿ ಒದ್ದೆ ಕಾಗದವಿಡಿ. ಹೋಲಿಸಿ ನೋಡಲು ಎಳೆಯ ಇಲಿಯ ಮೂತ್ರಪಿಂಡಕ್ಕೂ ಜೊತೆಯಲ್ಲೇ ಬಣ್ಣ ಹಾಕಿ. ಮೂತ್ರಪಿಂಡದ ನಳಿಕೆಗಳು ವಯಸ್ಸಿನ ಹಂಗಿಲ್ಲದೆ ನೀಲಿಯಾಗುವುದುಂಟು. ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳದ್ದೂ ಅದೇ ಚಾಳಿ.

ಬ್ಲಾಕ್‌ಗಳಷ್ಟೇ ಇದ್ದರೆ ಸುಡಾನ್ ಬ್ಲ್ಯಾಕ್ ಬಿ ಎಂಬ ಬಣ್ಣ ಹಿಡಿಯಿರಿ. ಮುದಿ ಕೋಶಗಳಲ್ಲಿ ಶೇಖರವಾಗುವ ಲಿಪೊಫಸ್ಸಿನ್ ಎಂಬ ಕಸ ಕ್ಸೈಲೀನ್‌ಗೂ ಜಗ್ಗುವುದಿಲ್ಲ. ಶೇ 70ರ ಆಲ್ಕೊಹಾಲ್‌ನಲ್ಲಿ ಕರಗಿಸಿದ ಬಣ್ಣ ಅದಕ್ಕೆ ಅಂಟಿಕೊಂಡು ಸಾಸಿವೆ ಸಿಡಿದಂತೆ ಕಪ್ಪು ಕಾಳುಗಳು ಕಾಣುತ್ತವೆ. ದ್ರಾವಣವನ್ನು ಸೋಸದೆ ಮಾತ್ರ ಹಾಕಬೇಡಿ, ಕರಗದ ಚೂರುಗಳೂ ನೋಡಲು ಹಾಗೆಯೇ ಇರುತ್ತವೆ.

ಪಕ್ಕದ ಸೆಕ್ಷನ್‌ಗಳಲ್ಲಿ ವಿಭಜನೆಗೆ ತಡೆಯೊಡ್ಡುವ ಪಿ21 ಪ್ರೋಟೀನ್ ಹೆಚ್ಚಿದೆಯೇ, ಕೋಶಕೇಂದ್ರದ ಒಳಪದರದ ಲ್ಯಾಮಿನ್ ಬಿ1 ಪ್ರೋಟೀನ್ ಕುಗ್ಗಿದೆಯೇ ಎಂದು ಪ್ರತಿಕಾಯಗಳಿಂದ ನೋಡಿ. ವಿಭಜನೆಯಾಗುವ ಕೋಶಗಳಲ್ಲಿ ಕಾಣುವ ಕೆಐ-67 ಪ್ರೋಟೀನ್ ಇಲ್ಲ ಎಂಬುದೊಂದನ್ನೇ ಹಿಡಿದುಕೊಳ್ಳಬೇಡಿ. ಮೂತ್ರಪಿಂಡದ ಹೆಚ್ಚಿನ ಕೋಶಗಳು ಹೇಗೂ ವಿಭಜನೆಯಾಗದೆ ಸುಮ್ಮನಿರುತ್ತವೆ. ಮುಪ್ಪಿನ ಗುರುತೆಂದು ಎಲ್ಲರೂ ಹೇಳುವ ಪಿ16 ಪ್ರೋಟೀನಿಗೆ ಇಲಿಯಲ್ಲಿ ನೆಚ್ಚಬಹುದಾದ ಪ್ರತಿಕಾಯ ಸಿಗುವುದು ಕಷ್ಟ. ಆ ತಲೆನೋವು ಬೇಡವೆಂದು ನಾನು ಅದರ ಆರ್‌ಎನ್‌ಎಯನ್ನೇ ಅಳೆಯುತ್ತೇನೆ.