ಸಂಪಾದಕರ ಉತ್ತರ: ಆ ಶೇ. 70 ನೋಡಿ ಕೋರ್ಸ್ ಬಿಡಿಸಬೇಡಿ

ನಿಮ್ಮ ಪತ್ರ ಓದಿದೆ. ಮೊದಲ ಸೆಮಿಸ್ಟರ್ ಮುಗಿಯುವ ಮುಂಚೆಯೇ ಕಾಲೇಜಿನ ಸಾಫ್ಟ್‌ವೇರ್ ನಿಮ್ಮ ಮಗಳು ಫೇಲಾಗುವ ಸಾಧ್ಯತೆ ಶೇ. 70 ಎಂದು ತೋರಿಸಿದೆ. ‘ಲೆಕ್ಕ ಸುಳ್ಳಾಗುತ್ತದೆಯೇ? ಕೋರ್ಸ್ ಬಿಡಿಸಿಬಿಡಲೇ?’ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ. ಆ ಅಂಕಿ ನೋಡಿಯಂತೂ ಬೇಡವೇ ಬೇಡ.

ಇಂಥ ಕಡೆ ಹೆಚ್ಚಾಗಿ ಬಳಸುವುದು ಲಾಜಿಸ್ಟಿಕ್ ರಿಗ್ರೆಶನ್ ಎಂಬ ಸಂಖ್ಯಾಶಾಸ್ತ್ರದ ಲೆಕ್ಕ ಅಥವಾ ಅದಕ್ಕೆ ಹತ್ತಿರದ ವಿಧಾನ. ಹಿಂದಿನ ಬ್ಯಾಚ್‌ಗಳ ಅಂಕ, ಹಾಜರಿ, ಅಸೈನ್‌ಮೆಂಟ್ ನೋಡಿ ಯಾವುದಕ್ಕೆ ಎಷ್ಟು ತೂಕ ಎಂದು ಅದು ಕಂಡುಕೊಳ್ಳುತ್ತದೆ. ಲೆಕ್ಕ ಸರಿಯಾಗಿದೆ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಶೇ. 70 ಅಂದರೆ, ಇಂಥದೇ ದಾಖಲೆಯ 100 ಮಂದಿಯಲ್ಲಿ ಸುಮಾರು 70 ಮಂದಿ ಫೇಲಾಗುತ್ತಾರೆ ಅಂತ ಅಷ್ಟೇ. ಉಳಿದ 30 ಮಂದಿ ಪಾಸಾಗುತ್ತಾರೆ. ಅವರು ಯಾರು ಅಂತ ಅದಕ್ಕೆ ಗೊತ್ತಿಲ್ಲ. ಒಬ್ಬ ಹುಡುಗಿಯ ಮನೆಯಲ್ಲಿ ಯಾರಿಗೋ ಕಾಯಿಲೆ ಇತ್ತು, ಈಗ ವಾಸಿಯಾಗಿದೆ, ಗೆಳತಿಯ ಜೊತೆ ಕೂತು ಓದಲು ಶುರು ಮಾಡಿದ್ದಾಳೆ. ಇದ್ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ.

‘ನಮ್ಮ ಮಾಡೆಲ್ (ಅಂದರೆ ಈ ಲೆಕ್ಕದ ಸೂತ್ರ) ಶೇ. 90ರಷ್ಟು ಸರಿ’ ಎಂದು ಕಾಲೇಜಿನವರು ಹೇಳಿದರಂತೆ. 100ರಲ್ಲಿ 10 ಮಂದಿ ಮಾತ್ರ ಫೇಲಾಗುವ ಕಡೆ, ಏನೂ ನೋಡದೆ ಸುಮ್ನೆ ‘ಎಲ್ಲರೂ ಪಾಸ್’ ಅಂದರೂ ಶೇ. 90 ಸರಿಯಾಗುತ್ತದೆ, ಅಲ್ವಾ? ಕೇಳಬೇಕಾದ್ದು ಬೇರೆ. ಫೇಲಾಗುತ್ತಾರೆ ಎಂದವರಲ್ಲಿ ನಿಜವಾಗಿ ಫೇಲಾದವರು ಎಷ್ಟು? ಫೇಲಾದವರಲ್ಲಿ ಮೊದಲೇ ಗುರುತಿಸಿದ್ದು ಎಷ್ಟು ಮಂದಿಯನ್ನು? ಅದೂ ಮಾಡೆಲ್ ಹಿಂದೆಂದೂ ನೋಡಿರದ ಹೊಸ ಬ್ಯಾಚಿನಲ್ಲಿ.

ಗುಂಪಿನ ಲೆಕ್ಕವನ್ನು ಒಬ್ಬೊಬ್ಬರ ಮೇಲೆ ಹೇರಿದರೆ ಏನಾಗುತ್ತದೆ ಎಂದು 2020ರಲ್ಲಿ ಇಂಗ್ಲೆಂಡ್ ಕಂಡಿತು. ಕೊರೋನಾದಿಂದ ಎ-ಲೆವೆಲ್ ಪರೀಕ್ಷೆ (ನಮ್ಮ ಪಿಯುಸಿ ಇದ್ದ ಹಾಗೆ) ರದ್ದಾಗಿತ್ತು. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನೂ ಸೇರಿಸಿಕೊಂಡು ಅಲ್ಗಾರಿದಂ, ಅಂದರೆ ಕಂಪ್ಯೂಟರಿನ ಲೆಕ್ಕದ ವಿಧಾನ, ಗ್ರೇಡ್ ಕೊಟ್ಟಿತು. ಶಿಕ್ಷಕರು ಕೊಟ್ಟಿದ್ದ ಅಂದಾಜಿಗಿಂತ ಸುಮಾರು ಶೇ. 40ರಷ್ಟು ಗ್ರೇಡ್‌ಗಳು ಕೆಳಗಿಳಿದವು. ಯೂನಿವರ್ಸಿಟಿ ಸೀಟಿಗೇ ಕುತ್ತು ಬಂದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ಆಗಸ್ಟ್ 17ರಂದು ಅದನ್ನು ಕೈಬಿಟ್ಟು, ಶಿಕ್ಷಕರ ಅಂದಾಜನ್ನೇ ಒಪ್ಪಬೇಕಾಯಿತು.

ಹಾಗಂತ ಈ ವಿಧಾನಗಳೇ ಬೇಡ ಎನ್ನುತ್ತಿಲ್ಲ. ಹಾಜರಿ ಇಳಿಯುತ್ತಿರುವ ಹುಡುಗಿಯನ್ನು ಮೂರನೇ ವಾರದಲ್ಲೇ ಕರೆದು ಮಾತಾಡಿಸಲು ನೆರವಾದರೆ ಅದು ದೊಡ್ಡ ಉಪಕಾರ. ಅಂಕಿಯನ್ನು ಕೈಗಿತ್ತು ಸುಮ್ಮನಾಗುವುದು ಮಾತ್ರ ಅನ್ಯಾಯ.

ನಾಳೆಯೇ ಕಾಲೇಜಿಗೆ ಹೋಗಿ. ಮಗಳ ಅಂಕಿ ಯಾವುದರಿಂದ ಜಾಸ್ತಿಯಾಯಿತು ಎಂದು ಕೇಳಿ. ಹಾಜರಿಯೋ ಒಂದು ವಿಷಯದ ಅಂಕವೋ ಆದರೆ ಅದನ್ನು ಇನ್ನೂ ಸರಿಪಡಿಸಬಹುದು. ಅವಳು ಓದಿದ ಶಾಲೆ, ನಿಮ್ಮ ಓದು ಇಂಥವು ಕಾರಣವಾದರೆ, ಅವನ್ನು ಅವಳು ಬದಲಿಸಲಾರಳು ಎಂದು ಅವರಿಗೆ ನೇರವಾಗಿ ಹೇಳಿ. ಎಕ್ಸ್‌ಟ್ರಾ ಕ್ಲಾಸ್ ಯಾವತ್ತಿನಿಂದ, ಯಾರು ತೆಗೆದುಕೊಳ್ಳುತ್ತಾರೆ ಎಂದು ಕೇಳಿಯೇ ಬನ್ನಿ.