ತಮ್ಮ ಪಂಚಾಯ್ತಿಗೆ ನಿಲ್ತಾನಂತೆ, ‘ಕ್ರೈಸ್ತರಿಗೆ ರಾಜಕೀಯ ಯಾಕೆ’ ಅಂತಾರೆ ಅಪ್ಪ

ಪ್ರಶ್ನೆ: ನಾನು ಹೊನ್ನಾವರದ ಹತ್ತಿರದ ಹಳ್ಳಿಯವಳು. ನನ್ನ ತಮ್ಮ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕು ಅಂತ ಹೊರಟಿದ್ದಾನೆ. ಅಪ್ಪನಿಗೆ ಸುತರಾಂ ಇಷ್ಟವಿಲ್ಲ. ‘ಕೈಸರನದು ಕೈಸರನಿಗೆ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ, ಆ ಕೆಸರು ನಮಗೆ ಬೇಡ’ ಅಂತಾರೆ. ಚಿಕ್ಕಪ್ಪನ ಲೆಕ್ಕ ಬೇರೆ. ‘ನಮ್ಮ ಚರ್ಚಿನ 60 ಮನೆ ಓಟು ಒಂದೇ ಕಡೆ ಬಿದ್ದರೆ ಸಾಕು, ಭಾನುವಾರ ಪೂಜೆಯಲ್ಲಿ ಫಾದರ್ ಹತ್ತಿರ ಒಂದು ಮಾತು ಹೇಳಿಸೋಣ’ ಅಂತಾರೆ. ಎರಡೂ ನನಗೆ ಸರಿ ಅನ್ನಿಸ್ತಿಲ್ಲ. ಏನು ಮಾಡಬೇಕು?

ಉತ್ತರ: ನಿಮಗೆ ಸರಿ ಅನ್ನಿಸದೇ ಇರುವುದೇ ಸರಿ. ಅಪ್ಪನ ಮಾತಿನಿಂದ ಶುರು ಮಾಡೋಣ. ಆ ವಾಕ್ಯವನ್ನು ಇದೇ ಅರ್ಥದಲ್ಲಿ ಹೇಳುವ ಹಿರಿಯರು ಕಾರವಾರದಿಂದ ಭಟ್ಕಳದವರೆಗೂ ನನಗೆ ಸಿಕ್ಕಿದ್ದಾರೆ.

ಮತ್ತಾಯನ ಶುಭಸಂದೇಶದ 22ನೇ ಅಧ್ಯಾಯವನ್ನು ಅಪ್ಪನ ಜೊತೆ ಕೂತು ಓದಿ. ಯೇಸುವನ್ನು ಸಿಕ್ಕಿಹಾಕಿಸಲು ಬಂದವರು ಕೇಳಿದ ಪ್ರಶ್ನೆ ಅದು. ರೋಮಿಗೆ ತೆರಿಗೆ ಕೊಡಬೇಕೋ ಬೇಡವೋ? ಕೊಡಿ ಅಂದರೆ ಜನ ಸಿಟ್ಟಾಗುತ್ತಾರೆ, ಬೇಡ ಅಂದರೆ ರೋಮಿನವರು ಹಿಡಿಯುತ್ತಾರೆ. ಯೇಸು ಒಂದು ನಾಣ್ಯ ತರಿಸಿ, ಇದರ ಮೇಲೆ ಯಾರ ಚಿತ್ರ ಇದೆ ಅಂತ ಕೇಳಿದರು. ಕೈಸರನದು, ಅಂದರೆ ರೋಮಿನ ಚಕ್ರವರ್ತಿಯದು ಅಂದರು. ಹಾಗಾದರೆ ಕೈಸರನದು ಕೈಸರನಿಗೆ ಕೊಡಿ, ದೇವರದು ದೇವರಿಗೆ ಕೊಡಿ ಅಂದುಬಿಟ್ಟರು. ನಾವು ಮೊದಲ ಅರ್ಧ ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೇವೆ. ನಾಣ್ಯದ ಮೇಲೆ ಕೈಸರನ ಚಿತ್ರ, ಸರಿ. ದೇವರ ಚಿತ್ರ ಯಾವುದರ ಮೇಲಿದೆ? ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆ ಅಲ್ವಾ, ದೇವರು ಮನುಷ್ಯನನ್ನು ತನ್ನ ರೂಪದಲ್ಲೇ ಸೃಷ್ಟಿಸಿದ ಅಂತ. ಅಂದ ಮೇಲೆ ಆ ಮನುಷ್ಯನ ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾದರೆ, ವಿಧವೆಯೊಬ್ಬಳ ಹೆಸರು ಮನೆ ಪಟ್ಟಿಯಿಂದ ಬಿಟ್ಟುಹೋದರೆ, ಇ-ಸ್ವತ್ತು ಕಾಗದಕ್ಕಾಗಿ ಬಡವನೊಬ್ಬ ಪಂಚಾಯ್ತಿ ಕಟ್ಟೆ ಹತ್ತಿ ಇಳಿದು ಸುಸ್ತಾದರೆ, ಅದು ಕೈಸರನ ವಿಷಯ, ನಮಗೆ ಸಂಬಂಧ ಇಲ್ಲ ಅಂತ ಸುಮ್ನೆ ಕೂರೋದು ಹೇಗೆ?

ಪ್ರವಾದಿ ಆಮೋಸನನ್ನೂ ಓದಿ, ಚಿಕ್ಕ ಪುಸ್ತಕ. ಅವನು ಕುರಿ ಕಾಯುತ್ತಿದ್ದವನು. ಅಳತೆ ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸ ಮಾಡಿ, ಗೋಧಿಯ ಹೊಟ್ಟನ್ನೂ ಬಡವರಿಗೆ ಮಾರುತ್ತಿದ್ದ ವ್ಯಾಪಾರಿಗಳ ಮೇಲೆ ಅವನು ಹರಿಹಾಯುತ್ತಾನೆ. ನಿಮ್ಮ ಹಾಡು ಸಾಕು, ನ್ಯಾಯ ಹೊಳೆಯಂತೆ ಹರಿಯಲಿ ಅನ್ನುತ್ತಾನೆ. ಶರಾವತಿ ದಂಡೆಯವರಿಗೆ ಹೊಳೆ ಹರಿಯೋದು ಅಂದರೇನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲೆ ಕಡೆಯ ಊರುಗಳು ಎದ್ದು ಹೋದಾಗ, ಮನೆ ಬಿಟ್ಟವರ ಸಂಕಟಕ್ಕೆ ಧರ್ಮ ಇರಲಿಲ್ಲ. ಅಂಥ ಹೊತ್ತಲ್ಲಿ ಜನರ ಪರ ಅರ್ಜಿ ಬರೆಯಲು, ಸಭೆಯಲ್ಲಿ ಎದ್ದು ನಿಂತು ಕೇಳಲು ಯಾರಾದರೂ ಬೇಕು. ಅದಕ್ಕೇ ರಾಜಕೀಯ ಅನ್ನೋದು.

ಅಪ್ಪನ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಮಗ ಕೆಡುತ್ತಾನೆ, ಮನೆಗೆ ವೈರ ಬರುತ್ತದೆ ಅನ್ನುವ ಹೆದರಿಕೆ ಅದು. ಆ ಹೆದರಿಕೆಗೆ ಬೈಬಲಿನ ವಾಕ್ಯವನ್ನು ಆಸರೆ ಮಾಡಿಕೊಳ್ಳುವುದು ಬೇಡ, ಅಷ್ಟೇ.

ಇನ್ನು ಚಿಕ್ಕಪ್ಪ. ಇವರ ದಾರಿ ನನಗೆ ಜಾಸ್ತಿ ಚಿಂತೆ ತರುತ್ತದೆ.

ಪೂಜೆಯಲ್ಲಿ ಓಟು ಕೇಳಿಸುವುದು ತಪ್ಪು, ಎರಡು ಕಡೆಯಿಂದಲೂ ತಪ್ಪು. ದೇಶದ ಕಾನೂನು ನೋಡಿ. ದೇವಸ್ಥಾನ, ಮಸೀದಿ, ಚರ್ಚು ಯಾವುದನ್ನೂ ರಾಜಕೀಯಕ್ಕೆ ಬಳಸಬಾರದು ಅಂತ 1988ರ ಕಾಯ್ದೆಯೇ ಇದೆ. ವಿಧಾನಸಭೆ, ಲೋಕಸಭೆ ಚುನಾವಣೆಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆ ಇದೆ, ಅದರಲ್ಲಿ ಧರ್ಮದ ಹೆಸರಲ್ಲಿ ಓಟು ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರನ ಧರ್ಮ ಹಿಡಿದು ಕೇಳಿದರೂ ಅದೇ ತಪ್ಪು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಲ್ಲಿ ಹೇಳಿದೆ. ಚರ್ಚಿನ ಕಾನೂನೂ ಹಾಗೇ. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆ ಪ್ರಕಾರ ಗುರುಗಳು ಅಧಿಕಾರದ ಸ್ಥಾನ ಹಿಡಿಯುವ ಹಾಗಿಲ್ಲ, ಪಕ್ಷಗಳಲ್ಲಿ ಸಕ್ರಿಯರಾಗುವ ಹಾಗೂ ಇಲ್ಲ. ರಾಜಕೀಯ ಮಾಡುವುದು ನಿಮ್ಮ ತಮ್ಮನಂಥ ಸಾಮಾನ್ಯ ವಿಶ್ವಾಸಿಗಳ ಕೆಲಸ. ಫಾದರ್ ಪ್ರವಚನದಲ್ಲಿ ಲಂಚ ಪಾಪ, ಓಟು ಮಾರುವುದು ಪಾಪ ಅಂತ ಹೇಳಲಿ, ಗಟ್ಟಿಯಾಗಿಯೇ ಹೇಳಲಿ. ಇಂಥವನಿಗೆ ಹಾಕಿ ಅಂದ ಕೂಡಲೇ ಆ ಪ್ರವಚನ ಪೀಠ ಊರಿನವರ ಕಣ್ಣಲ್ಲಿ ಒಂದು ಗುಂಪಿನ ಜಗಲಿಯಾಗಿ ಬಿಡುತ್ತದೆ, ಬೆಂಚಿನಲ್ಲಿ ಕೂತ ಇನ್ನೊಬ್ಬ ಅಭ್ಯರ್ಥಿಯ ಮನೆಯವರು ಮುಂದಿನ ವಾರದಿಂದ ಪೂಜೆಗೆ ಬರುವುದನ್ನೇ ಬಿಡುತ್ತಾರೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 2011ರ ಜನಗಣತಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14 ಲಕ್ಷ ದಾಟಿತ್ತು, ಅದರಲ್ಲಿ ಕ್ರೈಸ್ತರು 100ಕ್ಕೆ 3ರಷ್ಟು. ಆದರೂ 1952, 1957, 1962 ಮೂರೂ ಸಲ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಗೆದ್ದು ಹೋದವರು ಜೋಕಿಂ ಆಳ್ವ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ಕ್ರೈಸ್ತರು. 1999ರಲ್ಲಿ ಅವರ ಸೊಸೆ ಮಾರ್ಗರೆಟ್ ಆಳ್ವ ಇದೇ ಕ್ಷೇತ್ರದಿಂದ ಗೆದ್ದರು. ಇವರಿಗೆ ಓಟು ಹಾಕಿದವರು ಯಾರು? ನಾಮಧಾರಿಗಳು, ಹಾಲಕ್ಕಿಗಳು, ಹವ್ಯಕರು, ಮೀನುಗಾರರು, ಮುಸ್ಲಿಮರು. ಚರ್ಚಿನ ಓಟಿನ ಮೇಲೆ ಮಾತ್ರ ನಿಂತಿದ್ದರೆ ಠೇವಣಿಯೂ ಉಳಿಯುತ್ತಿರಲಿಲ್ಲ.

ಇದನ್ನು ನಮ್ಮ ಹಿರಿಯರು ಮೊದಲೇ ಯೋಚಿಸಿದ್ದರು. ಸಂವಿಧಾನ ಬರೆಯುವಾಗ ಕ್ರೈಸ್ತರಿಗೂ ಮೀಸಲು ಕ್ಷೇತ್ರಗಳ ಪ್ರಸ್ತಾಪ ಇತ್ತು. 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಅಂಥ ಮೀಸಲಾತಿ ಬೇಡ ಅಂತ ಗೊತ್ತುವಳಿ ತಂದವರು ಬಂಗಾಳದ ಕ್ರೈಸ್ತ, ಸಂವಿಧಾನ ಸಭೆಯ ಉಪಾಧ್ಯಕ್ಷ ಹರೇಂದ್ರ ಕುಮಾರ್ ಮುಖರ್ಜಿ. ನೆರೆಯವರ ವಿಶ್ವಾಸದ ಮೇಲೆ ಬದುಕುತ್ತೇವೆ ಅನ್ನುವ ಆಯ್ಕೆ ಅದು. ನನಗೆ ಆ ಆಯ್ಕೆ ಬಹಳ ದೊಡ್ಡದು ಅನ್ನಿಸುತ್ತದೆ. ಇವತ್ತು ಭಯದಿಂದ 60 ಮನೆಯ ಗಂಟು ಕಟ್ಟಿಕೊಂಡು ಕೂತರೆ ಅದನ್ನು ನಾವೇ ಕೈಚೆಲ್ಲಿದಂತೆ.

ಹಾಗಾಗಿ ತಮ್ಮನಿಗೆ ಹೇಳಿ, ಧೈರ್ಯವಾಗಿ ನಿಲ್ಲು ಅಂತ. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಅದೇ ಒಂದು ಅನುಕೂಲ. ಮೊದಲು ಚರ್ಚಿಗೆ ಬಾರದವರ ಕೇರಿಗೆ ಹೋಗಲಿ, ಅವರ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳಲಿ. ಗ್ರಾಮಸಭೆಯಲ್ಲಿ ಮನೆ ಪಟ್ಟಿ ಓದುವಾಗ ನಮ್ಮ ಚರ್ಚಿನವನ ಹೆಸರು ಅನ್ಯಾಯವಾಗಿ ಮೇಲೆ ಬಂದಿದ್ದರೆ, ಅದನ್ನು ಕೆಳಗೆ ಹಾಕಿ ಅನ್ನುವ ಎದೆಗಾರಿಕೆ ಅವನಿಗಿದೆಯಾ? ಅದನ್ನು ಈಗಲೇ ಕೇಳಿ. ಇದೆ ಅಂದರೆ ನೀವೂ ಅವನ ಜೊತೆ ಮನೆ ಮನೆಗೆ ಹೋಗಿ.

ಪ್ರಶ್ನೆ: ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಗೆಳತಿಯರು ಮಾರಿಕಾಂಬೆ ಜಾತ್ರೆಗೆ, ಚೌತಿ ಊಟಕ್ಕೆ ಕರೆಯುತ್ತಾರೆ. ನಮ್ಮ ಪ್ರಾರ್ಥನಾ ಗುಂಪಿನ ಅಕ್ಕ ಒಬ್ಬರು ಹೋದರೆ ಪಾಪ ಅಂದರು. ಹೌದಾ?

ಉತ್ತರ: ಹೋಗಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡ್ಕಿಬೈಲಿನಲ್ಲಿ ಗೆಳತಿಯರ ಜೊತೆ ಬಳೆ ಕೊಂಡರೆ ವಿಶ್ವಾಸ ಕರಗಿ ಹೋಗುವುದಿಲ್ಲ. ಪೂಜೆಯಲ್ಲಿ ಭಾಗವಹಿಸುವುದು ಬೇರೆ, ಊರಿನ ಸಂತೋಷದಲ್ಲಿ ಇರುವುದು ಬೇರೆ. ಈ ಪ್ರಶ್ನೆ ಹೊಸದೇನಲ್ಲ, ಕೊರಿಂಥದ ವಿಶ್ವಾಸಿಗಳೂ ಸಂತ ಪೌಲರಿಗೆ ಇದನ್ನೇ ಕೇಳಿದ್ದರು. ಬೇರೆಯವರ ಮನೆಗೆ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆ ಮಾಡದೆ ತಿನ್ನಿ ಅಂತ ಅವರು ಬರೆದರು. ಇದು ನೈವೇದ್ಯ ಅಂತ ಯಾರಾದರೂ ತಿಳಿಸಿದರೆ ಮಾತ್ರ, ಹಾಗೆ ತಿಳಿಸಿದವರ ಮನಸ್ಸಾಕ್ಷಿಗಾಗಿ ಬಿಡಿ ಅಂದರು. ಪ್ರಸಾದ ಬೇಡ ಅನ್ನಿಸಿದರೆ ನಗುತ್ತಲೇ ಹೇಳಿ, ಗೆಳತಿಯರಿಗೆ ಅರ್ಥವಾಗುತ್ತದೆ. ಆ ಅಕ್ಕನ ಜೊತೆ ಜಗಳ ಬೇಡ, ಅವರ ಮನಸ್ಸಾಕ್ಷಿಯನ್ನೂ ಗೌರವಿಸಿ. ಬೇರೆ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಸಭೆ ತಳ್ಳಿಹಾಕುವುದಿಲ್ಲ ಅಂತ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೇ ಹೇಳಿದೆ.

ನಮ್ಮ ಹಬ್ಬಗಳನ್ನೇ ನೋಡಿ. ಸೆಪ್ಟೆಂಬರ್ 8ಕ್ಕೆ ಮರಿಯಮ್ಮನವರ ಹಬ್ಬದಲ್ಲಿ ಹೊಸ ತೆನೆ ಆಶೀರ್ವದಿಸಿ ಮನೆಗೆ ತರುತ್ತೇವೆ, ಪಕ್ಕದ ಮನೆಯಲ್ಲಿ ಅದೇ ಮಳೆಗಾಲದ ಕೊನೆಗೆ ಹೊಸ್ತು, ಅಂದರೆ ಹೊಸ ಬೆಳೆಯ ಹಬ್ಬ. ಭಟ್ಕಳದ ಮಲ್ಲಿಗೆ ದೇವಿಯ ಮುಡಿಗೂ ಏರುತ್ತದೆ, ನಮ್ಮ ಮದುಮಗಳ ಮುಡಿಗೂ. ಕ್ರಿಸ್ಮಸ್‌ಗೆ ಆ ಗೆಳತಿಯರನ್ನು ಮನೆಗೆ ಕರೆಯಿರಿ, ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳ ತಟ್ಟೆ, ನೀವೇ ಕೊಡಿ.

ಪ್ರಶ್ನೆ: ಹಳಿಯಾಳ ತಾಲ್ಲೂಕಿನ ಸಿದ್ದಿ ಕ್ರೈಸ್ತ ನಾನು. ಕ್ರೈಸ್ತರಾದವರಿಗೆ ಎಸ್‌ಟಿ ಸರ್ಟಿಫಿಕೇಟ್ ಸಿಗುವುದಿಲ್ಲ ಅಂತ ಊರಲ್ಲಿ ಒಬ್ಬರು ಹೇಳಿದರು. ನಿಜವಾ?

ಉತ್ತರ: ನಿಜ ಅಲ್ಲ. ಪರಿಶಿಷ್ಟ ಜಾತಿಯ ವಿಷಯದಲ್ಲಿ 1950ರ ಆದೇಶದಂತೆ ಧರ್ಮ ನೋಡುತ್ತಾರೆ, ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನ ಇದೆ. ದಲಿತ ಕ್ರೈಸ್ತರ ಈ ನೋವು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಪರಿಶಿಷ್ಟ ಪಂಗಡಕ್ಕೆ ಅಂಥ ಷರತ್ತು ಇಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು, ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ. ನಿಮ್ಮ ಡಮಾಮಿ ಡೋಲು ಬಾರಿಸುವಾಗ ಯಾರು ಯಾವ ಧರ್ಮ ಅಂತ ನಿಮ್ಮಲ್ಲಿ ಕೇಳುತ್ತಾರಾ? ಅಪ್ಪನ ಶಾಲಾ ದಾಖಲೆ ಅಥವಾ ಹಳೆಯ ಜಾತಿ ಪತ್ರ ಇದ್ದರೆ ತೆಗೆದುಕೊಂಡು ನಾಡಕಚೇರಿಗೆ ಹೋಗಿ ಅರ್ಜಿ ಹಾಕಿ. ಧರ್ಮದ ಕಾರಣ ಕೊಟ್ಟು ತಿರಸ್ಕರಿಸಿದರೆ ಆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಅದೇ ಕಾಗದ ಬೇಕಾಗುತ್ತದೆ.