ಒರುರೊ ಕಾರ್ನಿವಲ್‌ಗೆ ಹೋಗುವುದಾದರೆ ಮಂಗಳವಾರದವರೆಗೂ ಇರಿ

ಬೊಲಿವಿಯಾದ ಸಾಂತಾ ಕ್ರೂಸ್‌ಗೆ ಬಂದು ಕೆಲವೇ ತಿಂಗಳಾಗಿದೆ, ಸಹೋದ್ಯೋಗಿಯೊಬ್ಬರು ಕಾರ್ನಿವಲ್‌ಗೆ ಒರುರೊದ ತಾಯಿ ಮನೆಗೆ ಕರೆದಿದ್ದಾರೆ, ನಾನು ಸಸ್ಯಾಹಾರಿ, ಕುಡಿಯುವುದೂ ಇಲ್ಲ, ಹೋಗಲೇ ಬೇಡವೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಎಲ್ಲರ ಹಾಗೆ ಶನಿವಾರದ ಮೆರವಣಿಗೆ ನೋಡಿ ಭಾನುವಾರ ಬಸ್ ಹತ್ತಬೇಡಿ. ಮೆರವಣಿಗೆಯನ್ನು ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದು. ಮಂಗಳವಾರದ ಚಲ್ಯಾಗೆ (ಮನೆ, ವಾಹನಗಳನ್ನು ಭೂತಾಯಿಗೆ ಅರ್ಪಿಸುವ ಆಚರಣೆ) ಮನೆಯವರು ಕರೆದರೆ ಮಾತ್ರ ಹೋಗಲಾಗುವುದು.

ಮೊದಲು ಎತ್ತರದ ವಿಷಯ. ಸಾಂತಾ ಕ್ರೂಸ್ ಸುಮಾರು 400 ಮೀಟರ್, ಒರುರೊ 3,700. ಒಂದೇ ದಿನದಲ್ಲಿ ಹತ್ತಿದರೆ ತಲೆನೋವು, ವಾಕರಿಕೆ, ನಿದ್ದೆಗೇಡು ಬಹಳ ಜನರಿಗೆ ತಪ್ಪಿದ್ದಲ್ಲ. ಸುಮಾರು 2,500 ಮೀಟರ್ ಎತ್ತರದ ಕೊಚಬಾಂಬಾದಲ್ಲಿ ಎರಡು ರಾತ್ರಿ ತಂಗಿ ಮುಂದೆ ಹೋಗಿ. ಮೊದಲ ದಿನ ಊಟ ಹಗುರವಾಗಿರಲಿ, ನಡಿಗೆ ನಿಧಾನವಾಗಿರಲಿ. ಕೋಕಾ ಎಲೆಯ ಚಹಾ ಕುಡಿಯಬಹುದು, ಇಲ್ಲಿ ಅದು ಕಾನೂನುಬದ್ಧ. ಆದರೆ ಎಲೆಯನ್ನಾಗಲಿ ಅದರ ಟೀ ಬ್ಯಾಗನ್ನಾಗಲಿ ಭಾರತಕ್ಕೆ ಒಯ್ಯಬೇಡಿ. ಕಾರ್ನಿವಲ್ ಹೊತ್ತು ಒರುರೊದಲ್ಲಿ ಮಳೆಗಾಲ. ಮಧ್ಯಾಹ್ನ ಬಿಸಿಲು ಚರ್ಮ ಸುಡುತ್ತದೆ, ರಾತ್ರಿ ಚಳಿ ಕೊರೆಯುತ್ತದೆ. ಟೋಪಿ, ಸ್ವೆಟರ್, ರೇನ್‌ಕೋಟ್ ಮೂರೂ ಬೇಕು.

2027ರಲ್ಲಿ ಮೆರವಣಿಗೆಯ ಶನಿವಾರ ಫೆಬ್ರವರಿ 6, ಚಲ್ಯಾದ ಮಂಗಳವಾರ ಫೆಬ್ರವರಿ 9. ಈಸ್ಟರ್ ಲೆಕ್ಕದ ಹಬ್ಬವಾದ್ದರಿಂದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ.

ಶನಿವಾರ ಸುಮಾರು ನಾಲ್ಕು ಕಿಲೋಮೀಟರ್ ದಾರಿ, ಇಪ್ಪತ್ತು ಗಂಟೆ ಕುಣಿತ. ಯುನೆಸ್ಕೊ ಲೆಕ್ಕದಲ್ಲಿ 28,000 ನರ್ತಕರು, 10,000 ವಾದ್ಯಗಾರರು. ಇದನ್ನು ಬರೀ ಪೆರೇಡ್ ಎಂದುಕೊಳ್ಳಬೇಡಿ. ಕುಣಿಯುವವರಲ್ಲಿ ಅನೇಕರು ಗಣಿಬಾಯಿಯ ಮೇರಿ ಮಾತೆ ವಿರ್ಹೆನ್ ದೆಲ್ ಸೊಕವೊನ್‌ಗೆ ಮೂರು ವರ್ಷ ಕುಣಿಯುತ್ತೇನೆಂದು ಹರಕೆ ಹೊತ್ತವರು. ದಿಯಾಬ್ಲಾದಾ ಎಂಬ ಕುಣಿತದ ಕೊಂಬಿನ ಸೈತಾನ ವೇಷದವರು ಊರಿಡೀ ಕುಣಿದು, ಚರ್ಚಿನ ಬಾಗಿಲಲ್ಲಿ ಮುಖವಾಡ ತೆಗೆದು, ಬೆವರು ಒರೆಸದೆ ಮೊಣಕಾಲಲ್ಲೇ ತೆವಳಿ ಮಾತೆಯ ಮುಂದೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖದೆದುರು ಮೊಬೈಲ್ ಹಿಡಿಯಬೇಡಿ. ಬೀದಿಯಲ್ಲಂತೂ ನೀರಿನ ಬಲೂನು, ನೊರೆ ಎಲ್ಲರ ಮೇಲೂ ಬೀಳುತ್ತವೆ. ಮೊಬೈಲ್, ಪಾಸ್‌ಪೋರ್ಟಿನ ನಕಲು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಇನ್ನು ಚಲ್ಯಾ. ಮನೆ, ಅಂಗಡಿ, ವಾಹನ ಎಲ್ಲವನ್ನೂ ಸಿಂಗರಿಸಿ ಭೂತಾಯಿ ಪಾಚಮಾಮಾಗೆ ಅರ್ಪಿಸುವ ದಿನ. ನಮ್ಮ ಆಯುಧ ಪೂಜೆ ಕಂಡವರಿಗೆ ಹೂ ಸುತ್ತಿದ ಕಾರು ಹೊಸದೇನಲ್ಲ. ಕೈಯಲ್ಲಿ ಎರಡು ಪೊಟ್ಟಣ ಮಿಸ್ತೂರಾ (ಬಣ್ಣದ ಕಾಗದದ ಚೂರು), ನಾಲ್ಕೈದು ಸುರುಳಿ ಸೆರ್ಪೆಂತೀನಾ (ಬಣ್ಣದ ಕಾಗದದ ಉದ್ದ ಪಟ್ಟಿ), ಒಂದು ಚೀಲ ಹೂವಿನ ಎಸಳು, ನೆಲಕ್ಕೆ ಎರೆಯಲು ಒಂದೆರಡು ಬಾಟಲಿ ಬಿಯರ್ ಹಿಡಿದು ಹೋಗಿ. ಶುಕ್ರವಾರದೊಳಗೇ ಕೊಳ್ಳಿ, ಆಮೇಲೆ ಬೆಲೆ ಏರುತ್ತದೆ. ಒದ್ದೆಯಾದರೆ ಮಿಸ್ತೂರಾದ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆ ಬೇಡ.

ಮನೆಯ ಹಿರಿಯರು ಮೊದಲು ಮೂಲೆಮೂಲೆಗೆ ಮದ್ಯ ಚಿಮುಕಿಸುತ್ತಾರೆ, ಆಮೇಲೆ ನಿಮ್ಮ ಸರದಿ. ಅಂಗಳದಲ್ಲಿ ಕೆಂಡದ ಮೇಲೆ ‘ಮೇಸಾ’ ಸುಡುತ್ತಾರೆ: ಕೋವಾ ಎಂಬ ಘಮದ ಸೊಪ್ಪು, ಕೋಕಾ ಎಲೆ, ಬಣ್ಣದ ಉಣ್ಣೆ, ಧೂಪ, ಮನೆ-ಕಾರಿನ ಅಚ್ಚು ಒತ್ತಿದ ಸಕ್ಕರೆ ಬಿಲ್ಲೆ, ಲಾಮಾ (ಒಂಟೆ ಜಾತಿಯ ಪ್ರಾಣಿ) ಕೊಬ್ಬು. ಕೆಲವರು ಲಾಮಾದ ಒಣಗಿದ ಭ್ರೂಣವನ್ನೂ ಇಡುತ್ತಾರೆ. ನೋಡಲು ಕಷ್ಟವಾದರೆ ಸುಮ್ಮನೆ ಒಂದು ಹೆಜ್ಜೆ ಹಿಂದೆ ನಿಲ್ಲಿ, ಮುಖ ಸಿಂಡರಿಸಬೇಡಿ. ಕೆಂಡ ಪೂರ್ತಿ ಕೆಂಪಾಗುವ ಮುಂಚೆ ಮೇಸಾ ಇಟ್ಟರೆ ಸುಡದೆ ಬರೀ ಹೊಗೆಯಾಡುತ್ತದೆ. ಕೊಬ್ಬು ಕರಗಿದಾಗ ಜ್ವಾಲೆ ಭಗ್ಗನೆ ಏಳುತ್ತದೆ. ಅನೇಕರು ಚಿಮುಕಿಸುವುದು 96 ಶೇಕಡಾ ಆಲ್ಕೋಹಾಲ್. ಅದನ್ನು ಬಾಟಲಿಯಿಂದ ನೇರ ಬೆಂಕಿಗೆ ಸುರಿದರೆ ಕೈ ಸುಡುತ್ತದೆ. ನಿಮ್ಮ ಕೈಗೆ ಕೊಟ್ಟರೆ ಮುಚ್ಚಳಕ್ಕೆ ಬಗ್ಗಿಸಿಕೊಂಡು, ಬೆಂಕಿಯಿಂದ ದೂರದ ನೆಲಕ್ಕೆ ಹಾಕಿ.

ಕುಡಿಯದವರಿಗೆ ದಾರಿ ಸುಲಭ. ಲೋಟ ಕೊಟ್ಟಾಗ ಬೇಡವೆಂದು ಕೈ ಅಡ್ಡ ಹಿಡಿಯಬೇಡಿ, ಅದು ಮನಸ್ಸಿಗೆ ತಾಗುತ್ತದೆ. ತೆಗೆದುಕೊಂಡು ‘ಪಾಚಮಾಮಾಗೆ’ ಎಂದು ಸ್ವಲ್ಪ ನೆಲಕ್ಕೆ ಎರೆದು, ಉಳಿದದ್ದನ್ನು ಪಕ್ಕದವರಿಗೆ ಕೊಟ್ಟು, ನಿಮಗೆ ಸೋಡಾ ಕೇಳಿ. ಆರೋಗ್ಯದ ಕಾರಣ ಎಂದರೆ ಸಾಮಾನ್ಯವಾಗಿ ಒತ್ತಾಯ ನಿಲ್ಲುತ್ತದೆ.

ಊಟದ ವಿಷಯ ಮುಂಚೆಯೇ ಹೇಳಿಬಿಡಿ. ಒರುರೊದ ಹೆಸರಾಂತ ಅಡುಗೆಗಳು ಕುರಿತಲೆ ಮತ್ತು ಒಣಗಿಸಿದ ಲಾಮಾ ಮಾಂಸದ ಚಾರ್ಕೆಕಾನ್. ಎರಡನೆಯದರ ಜೊತೆ ಬರುವ ಬೇಯಿಸಿದ ಜೋಳ, ಆಲೂಗಡ್ಡೆ, ಚೀಸ್ ಅನ್ನು ಬೇರೆ ತಟ್ಟೆಗೆ ಹಾಕಿಕೊಡಲು ಕೇಳಿ. ಕಿನುವಾ ಸೂಪಿನಲ್ಲಿ ತುಂಡು ಕಾಣದಿದ್ದರೂ ಮಾಂಸದ ಸಾರು ಇರುವುದೇ ಹೆಚ್ಚು. ನಸುಕಿನಲ್ಲಿ ಸಿಗುವ ಆಪಿ, ಅಂದರೆ ನೇರಳೆ ಜೋಳದ ಹಿಟ್ಟಿಗೆ ಚಕ್ಕೆ, ಲವಂಗ, ಸಕ್ಕರೆ ಹಾಕಿ ಕಾಯಿಸಿದ ಗಟ್ಟಿ ಪಾನೀಯ, ನಿಶ್ಚಿಂತೆಯಿಂದ ಕುಡಿಯಿರಿ. ಜೊತೆಗಿನ ಪಾಸ್ತೆಲ್ ಎಂಬ ಕರಿದ ತಿಂಡಿಯೊಳಗೆ ಚೀಸ್ ಇರುತ್ತದೆ, ಕರಿಯಲು ಬಳಸಿದ ಕೊಬ್ಬು ಯಾವುದೆಂದು ಕೇಳಿಕೊಳ್ಳಿ.

ಸೋಮವಾರ, ಮಂಗಳವಾರ ದೇಶಕ್ಕೇ ರಜೆ. ನಗದು ಮೊದಲೇ ತೆಗೆದಿಟ್ಟುಕೊಳ್ಳಿ. ಮಂಗಳವಾರ ಸಂಜೆ ಕುಡಿದು ಓಡಿಸುವವರು ಹೆಚ್ಚು, ಹಾಗಾಗಿ ವಾಪಸ್ ಬಸ್ಸನ್ನು ಬುಧವಾರ ಬೆಳಿಗ್ಗೆಗೆ ಕಾಯ್ದಿರಿಸಿ, ಅದೂ ಹೋಗುವ ಟಿಕೆಟ್ ತೆಗೆಯುವಾಗಲೇ.